ಕೇಸರಕ್ಕೆ ಕೇಸರಿ ನೂಲು

ತಪ್ಪು ನೂಲಿನದು ಎಂದು ನಮ್ಮ ಮಂದಿ ಹೇಳುತ್ತಾರೆ. ಕುಬಸವೋ ಮದುವೆಯೋ, ಪಂಕ್ತಿಯಲ್ಲಿ ದಾಳಿಂಬೆಯ ಮಾತು ಬಂದರೆ ಸಾಕು, ಯಾರಾದರೊಬ್ಬರು ನನ್ನ ಕಡೆ ಕೈ ತೋರಿಸಿ ಶುರು ಮಾಡುತ್ತಾರೆ. ದೊಡ್ಡವ್ವ ಸಸಿಗಳಿಗೆ ಗುರುತಿನ ನೂಲು ತಪ್ಪಿ ಕಟ್ಟಿದಳು, ಎರಡು ಜಾತಿ ಬೆರೆತವು, ಕೊಂಡೊಯ್ದವನು ಸಿಟ್ಟಿಗೆದ್ದು ಬಂದ, ಕಾಲೇಜು ಕಲಿಯುವ ಈ ಹುಡುಗಿ ನಾಲ್ಕು ಎಲೆ ಹರಿದುಕೊಂಡು ಹೋಗಿ ಮಶೀನಿಗೆ ಹಾಕಿದಳು, ಮಶೀನು ಜಾತಿ ಹೇಳಿತು, ಜಗಳ ಹರಿಯಿತು. ಕೇಳಿದವರು ‘ಏನ ಶಾಣ್ಯಾಕಿ’ ಎನ್ನುತ್ತ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸುತ್ತಾರೆ.

ಹೋಳಿಗೆ ತಿನ್ನುತ್ತೇನೆ. ಕಥೆಯನ್ನು ಒಪ್ಪುವುದಿಲ್ಲ.

ಮಶೀನು ಯಾವ ಜಾತಿಯನ್ನೂ ಹೇಳುವುದಿಲ್ಲ. ಇದು ಅದರಂತಿದೆ, ಇದು ಅದರಂತಿಲ್ಲ ಎನ್ನುತ್ತದೆ, ಅಷ್ಟೇ. ಹೆಸರಿಡುವವರು ನಾವು. ಆದರೂ ಆ ವರ್ಷ ಓಣಿಯ ಹೆಂಗಸರು ನನ್ನನ್ನು ಕಂಡರೆ ಮಾತು ತಗ್ಗಿಸುತ್ತಿದ್ದರು. ನಳದ ಹತ್ತಿರ ಒಬ್ಬಾಕೆ, ‘ಎಲಿ ನೋಡಿ ಗಿಡದ ಜಾತಿ ಹೇಳಾಕಿ, ಕೂದಲ ನೋಡಿ ನಮ್ಮದೂ ಹೇಳತಾಳ, ಬಾಚಣಿಗಿ ಬಚ್ಚಿಡ್ರೆವಾ’ ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುದಿನ ಅವಳ ಮನೆಯ ಮುಂದೆ ಹಾದಾಗ, ಕಿಟಕಿಯಲ್ಲಿ ಸದಾ ಸಿಕ್ಕಿಸಿರುತ್ತಿದ್ದ ಬಾಚಣಿಗೆ ಕಾಣಲಿಲ್ಲ. ಅವತ್ತು ನಗು ಬರಲಿಲ್ಲ.

ಅವರು ಹೇಳುವ ಕಥೆಯಲ್ಲಿ ಯಾರಿಗೂ ಹೆದರಿಕೆಯೇ ಇಲ್ಲ, ಅದೂ ನನ್ನ ಆಕ್ಷೇಪ. ನನ್ನ ನೆನಪಿನಲ್ಲಿ ಹೆದರಿಕೆ ಬಿಟ್ಟರೆ ಹೆಚ್ಚೇನೂ ಇಲ್ಲ.

ದೊಡ್ಡಪ್ಪನ ಹೊಲ ಇದ್ದದ್ದು ಬೀಳಗಿ ತಾಲೂಕಿನಲ್ಲಿ, ಹೊಳೆಯ ದಂಡೆಗೆ. ಅಣೆಕಟ್ಟಿನ ಹಿನ್ನೀರು ಏರಿ ಹೊಲವೂ ಮನೆಯೂ ಹೋದವು. ನಮ್ಮ ಕಡೆ ಇದನ್ನು ಯಾರೂ ಬೆಳೆಸಿ ಹೇಳುವುದಿಲ್ಲ. ‘ಮುಳಗಡಿ ಆತು’ ಎಂದರೆ ಮುಗಿಯಿತು. ನೀರು ಬರುವ ಮೊದಲು ದೊಡ್ಡಪ್ಪ ಒಂದಿಷ್ಟು ದಾಳಿಂಬೆ ಗಿಡಗಳನ್ನು ಮಣ್ಣುಸಮೇತ ಅಗೆದು ಗೋಣಿಚೀಲದಲ್ಲಿ ಕಟ್ಟಿ ಲೋಕಾಪುರದ ಹತ್ತಿರ ತಂದು ನೆಟ್ಟ. ಅವೇ ಅವನ ತಾಯಿಗಿಡಗಳಾದವು, ಅವುಗಳ ಮೇಲೆಯೇ ಅವನ ನರ್ಸರಿ ನಿಂತಿತು. ನನ್ನಪ್ಪ ಜಮಖಂಡಿಯಲ್ಲಿ ಸಾಲಿ ಮಾಸ್ತರ. ಪಗಾರದ ಮನೆಯಲ್ಲಿ ಬೆಳೆದ ನನಗೆ ರಜೆ ಎಂದರೆ ದೊಡ್ಡಪ್ಪನ ಸಸಿಗಳ ನಡುವಿನ ಒದ್ದೆ ಮಣ್ಣು.

ಅವನು ಮಾಡುತ್ತಿದ್ದದ್ದು ಗೂಟಿ. ತಾಯಿಗಿಡದ ಹಸಿ ಟೊಂಗೆಯಲ್ಲಿ ಬಳೆಯಂತೆ ಸುತ್ತಲೂ ಸಿಪ್ಪೆ ಸುಲಿದು, ಅಲ್ಲಿಗೆ ಒದ್ದೆ ಪಾಚಿ ಇಟ್ಟು, ಪ್ಲಾಸ್ಟಿಕ್ ಸುತ್ತಿ ಕಟ್ಟುವುದು. ಟೊಂಗೆ ಗಿಡದ ಮೇಲಿದ್ದಂತೆಯೇ ಬೇರು ಬಿಡುತ್ತದೆ. ಆಮೇಲೆ ಕತ್ತರಿಸಿ ಚೀಲದ ಮಣ್ಣಿಗೆ ಇಳಿಸುವುದು. ಬೀಜದಿಂದ ಬಂದದ್ದು ತಾಯಿಯನ್ನು ಹೋಲಲೇಬೇಕೆಂದಿಲ್ಲ. ಗೂಟಿಯಿಂದ ಬಂದದ್ದು ತಾಯಿಯೇ. ಅವನಲ್ಲಿ ಎರಡು ತಳಿಗಳಿದ್ದವು. ಒಂದು ಕೇಸರ, ಕಾಳು ಕಡುಗೆಂಪು, ಪೇಟೆಯವರು ಮುಗಿಬಿದ್ದು ಕೊಳ್ಳುವಂಥದ್ದು. ಇನ್ನೊಂದು ಗಣೇಶ, ಕಾಳು ತಿಳಿಗುಲಾಬಿ, ತಿನ್ನಲು ಬಲು ಸಿಹಿ, ಆದರೆ ವ್ಯಾಪಾರಿಗಳು ಮೂಗು ಮುರಿಯುವಂಥದ್ದು. ಹಣ್ಣಿಲ್ಲದ ಸಣ್ಣ ಸಸಿಗಳಾಗಿ ನಿಂತಾಗ ಎರಡೂ ನನ್ನ ಕಣ್ಣಿಗೆ ಒಂದೇ. ಅದಕ್ಕೇ ಗುರುತಿಗೆ ನೂಲು. ದೊಡ್ಡವ್ವನ ತವರು ಬನಹಟ್ಟಿ. ಮದುವೆಗೆ ಮೊದಲು ಮಗ್ಗದವರ ಮನೆಗಳಲ್ಲಿ ನೂಲಿನ ಕಂಡಿಕೆ ಸುತ್ತಿದವಳು. ಅಲ್ಲಿಂದ ಪವರ್‌ಲೂಮಿನ ತುಂಡು ನೂಲು ತರುತ್ತಿದ್ದಳು, ಕಡುಗೆಂಪು ಮತ್ತು ಕೇಸರಿ. ದೊಡ್ಡಪ್ಪ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದ: ಕೆಂಪ ಕಾಳಿಗಿ ಕೆಂಪ ನೂಲ.

ನಾನು ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಿದ್ದ ಕಾಲ. ಬೇಸಿಗೆಯಲ್ಲಿ ಲೋಕಾಪುರಕ್ಕೆ ಬಂದಿದ್ದೆ. ಒಂದು ಮಧ್ಯಾಹ್ನ ಚಿಕ್ಕಪಡಸಲಗಿ ಕಡೆಯ ತೋಟದ ಮಾಲಕ ಬಂದ. ಹಿಂದೆ ದೊಡ್ಡಪ್ಪನಿಂದ ಒಂದು ಟ್ರ್ಯಾಕ್ಟರ್ ತುಂಬ ಕೇಸರದ ಸಸಿ ಒಯ್ದವನು. ದೊಡ್ಡಪ್ಪನಿಗಿಂತ ಸಣ್ಣವನು, ‘ಕಾಕಾ’ ಎಂದೇ ಕರೆಯುತ್ತಿದ್ದ. ಅವತ್ತೂ ಹಾಗೇ ಕರೆದ, ಆದರೆ ಚಪ್ಪಲಿ ಬಿಡಲಿಲ್ಲ. ಟವೆಲಿನಲ್ಲಿ ಕಟ್ಟಿ ತಂದಿದ್ದ ಹಣ್ಣುಗಳನ್ನು ಕಟ್ಟೆಯ ಮೇಲೆ ಇಟ್ಟು ಒಂದೊಂದಾಗಿ ಕೈಯಲ್ಲೇ ಒಡೆದ. ಒಂದರ ಕಾಳೂ ಕೆಂಪಿರಲಿಲ್ಲ. ಹಾಲಿಗೆ ಕುಂಕುಮದ ಬೆರಳು ಅದ್ದಿದಷ್ಟು ಬಣ್ಣ.

‘ಕಾಕಾ, ನಿಮ್ಮ ಮಾತ ನಂಬಿ ಕಬ್ಬ ಕಿತ್ತೇನಿ,’ ಎಂದ.

ಬಿಸಿಲಿಗೆ ಹಣ್ಣಾದರೆ ಕೇಸರದ ಕಾಳೂ ಬಿಳಚಿಕೊಳ್ಳುತ್ತದೆ, ಚಳಿಗಾಲದ ಹಣ್ಣು ನೋಡು ಎಂದು ದೊಡ್ಡಪ್ಪ ತಿಳಿಹೇಳಿದ. ಸುಳ್ಳಲ್ಲ ಅದು, ನಮ್ಮ ಪಾಠದಲ್ಲೂ ಇದೆ. ಒಂದೊಂದ ಸಸಿ ನಾನ ಕೈಯಾರೆ ಎತ್ತಿ ಟ್ರ್ಯಾಕ್ಟರಿಗೆ ಇಟ್ಟೇನಲ್ಲ ತಮ್ಮಾ ಎಂದೂ ಹೇಳಿದ. ಅದೂ ಸುಳ್ಳಲ್ಲ. ಚೀಲ ಒಡೆದೀತೆಂದು ಅವನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮಾಲಕ ಎಲ್ಲವನ್ನೂ ಕೇಳಿಸಿಕೊಂಡು, ದನಿ ಏರಿಸದೆ, ಮಾಡುವುದೇನೆಂದು ತಿಳಿಸಿದ. ಅಷ್ಟೂ ಗಿಡ ಕಿತ್ತು ಟ್ರ್ಯಾಕ್ಟರ್ ತುಂಬಿ ತಂದು ಈ ಬಾಗಿಲಿಗೆ ಸುರಿಯುತ್ತಾನಂತೆ, ಮುಧೋಳ ರಸ್ತೆಯಲ್ಲಿ ಹೋಗುವ ಪ್ರತಿ ಬಸ್ಸಿನವರಿಗೂ ಕಾಣುವ ಹಾಗೆ.

ಆಮೇಲೆ ಆ ನರ್ಸರಿಯಿಂದ ಒಂದು ಕಡ್ಡಿಯನ್ನೂ ಯಾರು ಒಯ್ಯುತ್ತಾರೆ? ಮುಳುಗಡೆಯ ನಂತರ ದೊಡ್ಡಪ್ಪನಿಗೆ ಉಳಿದದ್ದು ಅದೊಂದೇ, ‘ಅವನ ಗಿಡ ಅಂದ್ರ ಖರೆ ಗಿಡ’ ಎಂಬ ಮಾತು.

ಆಗ ನಾನು ಬಾಯಿ ಹಾಕಿದೆ. ಕಾಲೇಜಿಗೆ ಚರ್ಚಾಸ್ಪರ್ಧೆಯ ಬಹುಮಾನದ ಡಾಲು ತಂದವಳು. ಎದುರಿನವನು ಮಾತು ಮುಗಿಸಿದ ಕ್ಷಣಕ್ಕೆ ಎದ್ದು ನಿಲ್ಲುವುದು ಅಭ್ಯಾಸ. ಕಣ್ಣು ಮೋಸ ಹೋಗುತ್ತದೆ, ಬಿಸಿಲು ಬಣ್ಣ ತೆಗೆಯುತ್ತದೆ, ಆದರೆ ಎಲೆಯೊಳಗಿನ ಗುರುತು ಬಿಸಿಲಿಗೆ ಬದಲಾಗುವುದಿಲ್ಲ, ಅದನ್ನು ನೋಡುವ ವಿಧಾನ ನಮ್ಮ ಲ್ಯಾಬಿನಲ್ಲಿದೆ, ಅಲ್ಲಿಯವರೆಗೆ ಒಂದೂ ಗಿಡ ಕೀಳಬೇಡಿ ಎಂದೆ. ಚೆನ್ನಾಗಿಯೇ ಮಾತಾಡಿದೆ. ಮಾಲಕ ನನ್ನನ್ನು ಮೇಲಿಂದ ಕೆಳಗೆ ನೋಡಿದ.

‘ಆತ್ರಿ ಮೇಡಮ್ಮಾರ. ನಿಮ್ಮ ಗುರುತ ಏನ ಹೇಳತೈತಿ ಕೇಳೂಣು. ಕೇಸರ ಅಂದ್ರ ನಾ ಕಾಕಾನ ಕಾಲ ಹಿಡೀತೇನಿ. ಅಲ್ಲ ಅಂದ್ರ ಟ್ರ್ಯಾಕ್ಟರ್ ಬರತೈತಿ.’

ಗೆದ್ದೆ ಎಂದುಕೊಂಡು ದೊಡ್ಡಪ್ಪನ ಮುಖ ನೋಡಿದೆ. ಅವನು ಕಟ್ಟೆಯ ಮೇಲೆ ಚೆಲ್ಲಿದ್ದ ಕಾಳುಗಳನ್ನು ಆರಿಸಿ ಒಂದು ಕಡೆ ಕೂಡಿಡುತ್ತಿದ್ದ, ತಲೆ ಎತ್ತಲಿಲ್ಲ. ದೊಡ್ಡವ್ವ ಒಳಗಿದ್ದಳು. ಬಂದವರಿಗೆ ಆ ಮನೆಯಲ್ಲಿ ಚಹಾ ಬರದೇ ಇದ್ದದ್ದನ್ನು ನಾನು ಅವತ್ತೇ ಕಂಡದ್ದು. ಅಲ್ಲಿಂದ ನನಗೆ ಭಯ ಹತ್ತಿತು. ಸಾಕ್ಷಿಯನ್ನು ನಾನೇ ಕರೆದಿದ್ದೆ. ಅದು ಯಾರ ಕಡೆ ಮಾತಾಡುತ್ತದೆ ಎಂದು ವಿಚಾರಿಸಿರಲಿಲ್ಲ.

ಎಲೆ ತರಲು ಜಮಖಂಡಿಯಿಂದ ಮಾಲಕನ ತೋಟಕ್ಕೆ ಒಬ್ಬಳೇ ಹೋದೆ. ಹೆಗಲಿಗೆ ಥರ್ಮಾಕೋಲಿನ ಡಬ್ಬಿ, ಅದರಲ್ಲಿ ಐಸು. ತೋಟ ಹೊಳೆಗೆ ಹತ್ತಿಕೊಂಡಿತ್ತು. ಕೆಳಗೆ ರೈತರು ತಾವೇ ಕಟ್ಟಿದ ಬ್ಯಾರೇಜಿನ ನೀರು ಅಲುಗಾಡದೆ ನಿಂತಿತ್ತು. ಮಾಲಕನೂ ಅವನ ಇಬ್ಬರು ತಮ್ಮಂದಿರೂ ನನ್ನ ಹಿಂದೆಯೇ ಸಾಲುಸಾಲಾಗಿ ಬಂದರು. ಮೂವರ ಕೈಯಲ್ಲೂ ಟೊಂಗೆ ಸವರುವ ಕತ್ತರಿ. ಕೆಲಸದ ಹೊತ್ತು, ಇರಬೇಕಾದ್ದೇ. ಆದರೂ ನಾನು ಬಗ್ಗಿ ಎಲೆ ಚಿವುಟುವಾಗ ಬೆನ್ನ ಹಿಂದೆ ಕತ್ತರಿ ಒಮ್ಮೆ ಕಚ್ಚೆಂದರೂ ನನ್ನ ಬೆರಳು ನಿಲ್ಲುತ್ತಿತ್ತು. ಬಿಳಿ ಕಾಳಿನ ಗಿಡಗಳಿಂದಷ್ಟೇ ಅಲ್ಲ, ಅಲ್ಲೊಂದು ಇಲ್ಲೊಂದು ಕೆಂಪು ಕಾಳು ಬಿಟ್ಟ ಗಿಡಗಳಿಂದಲೂ ಎಲೆ ಬೇಕು ಎಂದೆ. ಯಾಕೆ ಎಂದು ಕೇಳಿದ. ಒಂದೇ ಕಡೆಯ ಸಾಕ್ಷಿ ಕೇಳುವುದು ನ್ಯಾಯವಲ್ಲ ಎಂದು ಹೇಳಹೋದೆ, ದನಿ ಸೀಳಿತು. ವೇದಿಕೆಯ ಮೇಲೆ ಎಂದೂ ಸೀಳದ ದನಿ.

ಗಿಡಗಳಿಗೆ ನಾನು ತಂದ ಚೀಟಿ ಕಟ್ಟಲು ಅವನು ಬಿಡಲಿಲ್ಲ. ‘ನಿಮ್ಮ ಮನಿ ಗುರುತ ಸಾಕಾತ್ರಿ,’ ಎಂದು ತನ್ನ ಹಳೆಯ ಧೋತರದ ಅಂಚು ಸೀಳಿ, ಇದ್ದಿಲಿನಲ್ಲಿ ಅಂಕಿ ಬರೆದು ತಾನೇ ಕಟ್ಟಿದ. ಅದೇ ಅಂಕಿ ನನ್ನ ಕವರಿನ ಮೇಲೆ. ಮುಗಿದ ಮೇಲೆ ಕೈ ತೊಳೆಯಲು ನೀರಿನ ಕಡೆ ಎರಡು ಹೆಜ್ಜೆ ಇಟ್ಟೆ.

‘ದಂಡಿಗಿ ಹೋಗಬ್ಯಾಡ್ರಿ,’ ಎಂದ ಹಿಂದಿನಿಂದ. ‘ಮಸಳಿ ಅದಾವ. ಸುಮ್ಮನ ಮಲಗಿರತಾವು, ಕಾಣೂದಿಲ್ಲ.’

ತಮ್ಮಂದಿರು ನಕ್ಕರು. ಕೃಷ್ಣೆಯಲ್ಲಿ ಮೊಸಳೆ ಇರುವುದು ಹೌದು. ಅದು ಕಾಳಜಿಯ ಮಾತೋ ಬೆದರಿಕೆಯೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಕೈಗೆ ಅಂಟಿದ ಎಲೆಯ ರಸ ತೊಳೆಯದೇ ಬಸ್ಸು ಹತ್ತಿದೆ.

ಲ್ಯಾಬಿನಲ್ಲಿ ಮಾಡುವುದು ಇಷ್ಟು. ಎಳೆ ಎಲೆಯನ್ನು ಅರೆದು, ರಸಾಯನಗಳಲ್ಲಿ ತೊಳೆತೊಳೆದು, ಕೊನೆಗೆ ಒಂದು ಎಳೆ ಹಿಂಜಿದ ಅರಳೆಯಂತೆ ಕಾಣುವ ಡಿಎನ್ಎಯನ್ನು ಬೇರ್ಪಡಿಸುವುದು. ಅದರಲ್ಲಿ ಕೆಲವು ಜಾಗಗಳಿವೆ, ಉಗ್ಗುವವನ ಮಾತಿನಂತೆ ಒಂದೇ ಅಕ್ಷರಜೋಡಿ ಮತ್ತೆ ಮತ್ತೆ ಬರುವ ಜಾಗಗಳು. ಒಂದು ತಳಿ ಒಂದು ಜಾಗದಲ್ಲಿ ಹೆಚ್ಚು ಉಗ್ಗುತ್ತದೆ, ಇನ್ನೊಂದು ಕಡಿಮೆ. ಆ ಜಾಗವನ್ನಷ್ಟೇ ಕೋಟಿಗಟ್ಟಲೆ ನಕಲು ಮಾಡಿ, ಆರಿದ ಸಾಬುದಾಣಿ ಗಂಜಿಯಂಥ ಹಲಗೆಯಲ್ಲಿ ಕರೆಂಟು ಕೊಟ್ಟು ಓಡಿಸಿದರೆ, ಗಿಡ್ಡ ತುಂಡು ಮುಂದೆ ಹೋಗುತ್ತದೆ, ಉದ್ದದ್ದು ಹಿಂದುಳಿಯುತ್ತದೆ. ನೇರಳಾತೀತ ಬೆಳಕಿನಡಿ ಅವು ಪಟ್ಟೆಪಟ್ಟೆಯಾಗಿ ಹೊಳೆಯುತ್ತವೆ. ಪಟ್ಟೆಗಳು ಸರಿಸಮ ನಿಂತರೆ ಸಂಬಂಧ, ಹಿಂದೆಮುಂದೆ ನಿಂತರೆ ಬೇರೆ. ಆ ಜಾಗಗಳಿಗೆ ಮಾರ್ಕರ್ ಎನ್ನುತ್ತೇವೆ, ಗುರುತು.

ಹೋಲಿಸಲು ಕಾಲೇಜಿನ ತೋಟದಲ್ಲಿದ್ದ ಕೇಸರ, ಗಣೇಶ ಎರಡನ್ನೂ ಇಟ್ಟುಕೊಂಡೆ. ದೊಡ್ಡಪ್ಪನ ತಾಯಿಗಿಡಗಳ ಎಲೆಯನ್ನೂ ತಂದಿದ್ದೆ, ಮುಳುಗಡೆಯಲ್ಲಿ ಬದುಕಿ ಬಂದ ಆ ತಾಯಿಗಳೇ ಹೇಳಿದ ತಳಿಯವು ಅಲ್ಲವಾಗಿದ್ದರೆ ಎಂಬ ಹುಳ ತಲೆಗೆ ಹೊಕ್ಕಿತ್ತು. ಮೊದಲ ಸಲ ನಳಿಕೆಗಳ ಮೇಲೆ ಬರೆದ ಅಂಕಿಗಳು ಸ್ಪಿರಿಟ್ ತಾಗಿ ಅಳಿಸಿಹೋದವು. ಯಾವುದು ಯಾವುದೆಂದು ತಿಳಿಯದ ಸಾಲುಸಾಲು ನಳಿಕೆಗಳ ಮುಂದೆ ಬೆವರುತ್ತ ಕೂತೆ. ಊಹಿಸಿ ಮತ್ತೆ ಬರೆದರೆ ಹಿಡಿಯುವವರು ಯಾರೂ ಇರಲಿಲ್ಲ. ಎಲ್ಲ ಚೆಲ್ಲಿ ಉಳಿದ ಎಲೆಯಿಂದ ಹೊಸದಾಗಿ ಶುರು ಮಾಡಿದೆ.

ತಾಯಿಗಿಡಗಳು ಕಾಲೇಜಿನ ಗಿಡಗಳ ಸಾಲಿಗೇ ಬಂದವು. ಮಾಲಕನ ಗಿಡಗಳೂ ಮೊದಲ ಮಾರ್ಕರಿಗೆ ಎಲ್ಲವೂ ಒಂದೇ ಸಾಲಿನಲ್ಲಿ ನಿಂತವು. ಎರಡನೆಯದಕ್ಕೂ ಹಾಗೇ. ದೊಡ್ಡಪ್ಪ ಗೆದ್ದ ಎಂದು ಓಡಿ ಫೋನು ಮಾಡಬೇಕೆನಿಸಿತು. ಆದರೆ ಕಾಲೇಜಿನ ಗಣೇಶವೂ ಅದೇ ಸಾಲಿನಲ್ಲಿ ನಿಂತಿತ್ತಲ್ಲ? ಕೇಸರದ ವಂಶದಲ್ಲಿ ಗಣೇಶವೂ ಇದೆ. ಎಷ್ಟೋ ಗುರುತುಗಳು ಎರಡಕ್ಕೂ ಒಂದೇ. ಒಂದೇ ಥರ ಕಂಡದ್ದು ಒಂದೇ ಎಂದಾಗುವುದಿಲ್ಲ. ಎದುರಾಳಿ ಇದನ್ನು ಹೇಳಿದ್ದರೆ ಎದ್ದು ನಿಂತು ಹರಿದುಹಾಕುತ್ತಿದ್ದೆ. ಇಲ್ಲಿ ಎದುರಾಳಿ ನಾನೇ, ಸುಮ್ಮನಿರು ಎಂದು ಹೇಳಿಕೊಳ್ಳುವವಳೂ ನಾನೇ. ಎರಡನ್ನೂ ಬೇರ್ಪಡಿಸುವ ಮಾರ್ಕರ್ ಹುಡುಕಿ ಓಡಿಸಿದೆ.

ಬೆಳಕಿನ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಪಟ್ಟೆಗಳು ಎರಡು ಪಂಗಡವಾಗಿದ್ದವು. ತಾಯಿಗಿಡಗಳು ತಮ್ಮ ತಮ್ಮ ತಳಿಯ ಪಕ್ಕದಲ್ಲೇ. ಮಾಲಕನ ಗಿಡಗಳಲ್ಲಿ ಕೆಂಪು ಕಾಳಿನವು ಎಲ್ಲವೂ ಕೇಸರದ ಜೊತೆ. ಬಿಳಿ ಕಾಳಿನವುಗಳಲ್ಲಿ ಕೆಲವು ಕೇಸರದ ಜೊತೆಗೇ. ಅವು ನಿಜವಾಗಿ ಬಿಸಿಲಿಗೆ ಬಿಳಚಿದವು. ಉಳಿದವು ಗಣೇಶದ ಪಕ್ಕದಲ್ಲಿ. ಮತ್ತೆ ಓಡಿಸಿದೆ. ಮತ್ತೆ ಅಲ್ಲೇ ನಿಂತವು.

ಯಾರಿಗೂ ಹೇಳದೆ ಲೋಕಾಪುರಕ್ಕೆ ಹೋದೆ. ದೊಡ್ಡಪ್ಪ ಸಂತೆಗೆ ಹೋಗಿದ್ದ. ದೊಡ್ಡವ್ವ ತಾಯಿಗಿಡದ ಕೆಳಗೆ ಕೂತು ಪಾಚಿ ಹಿಂಡುತ್ತಿದ್ದಳು, ಉಡಿಯಲ್ಲಿ ಎರಡೂ ಬಣ್ಣದ ನೂಲು. ಅವಳ ಪಕ್ಕ ಕೂತು, ಸುಮ್ಮನೆ ಕೇಳಿದಂತೆ ಕೇಳಿದೆ.

‘ಕೇಸರಕ್ಕ ಯಾವ ನೂಲ ಕಟ್ಟತಿ ದೊಡ್ಡವ್ವಾ?’

‘ಈಗ ಕೆಂಪ,’ ಎಂದಳು. ಪಾಚಿಯ ಇನ್ನೊಂದು ಉಂಡೆ ಹಿಂಡಿ, ‘ಮೊದಲ ಕೇಸರಿ ಕಟ್ಟಿದ್ದೆ. ಕೇಸರಕ್ಕ ಕೇಸರಿ. ಮತ್ತೇನ ಕಟ್ಟಬೇಕಿತ್ತು?’

ಮಾಲಕನ ಸಸಿಗಳಿಗೆ ಗೂಟಿ ಕಟ್ಟಿದ ಮಳೆಗಾಲ ದೊಡ್ಡಪ್ಪ ಟೈಫಾಯ್ಡ್ ಬಂದು ಹಾಸಿಗೆ ಹಿಡಿದಿದ್ದ. ಅರ್ಧ ಗೂಟಿ ಅವನು ಕಟ್ಟಿದ್ದ, ಉಳಿದರ್ಧ ಇವಳೊಬ್ಬಳೇ. ಗೂಟಿ ಕಟ್ಟುವುದನ್ನು ಕಲಿಸಿದ್ದವನು ನೂಲಿನ ಮಾತು ಹೇಳಿರಲಿಲ್ಲ, ಗಂಡನ ಕೆಲಸವೆಂದು ಇವಳೂ ಕೇಳಿರಲಿಲ್ಲ. ಅವನದು ಕಾಳಿನ ಬಣ್ಣದ ಲೆಕ್ಕ, ಇವಳದು ಹೆಸರಿನ ಲೆಕ್ಕ. ಹೀಗಾಗಿ ಇವಳ ಕೇಸರಕ್ಕೆಲ್ಲ ಕೇಸರಿ ನೂಲು, ಇವಳ ಗಣೇಶಕ್ಕೆಲ್ಲ ಕೆಂಪು ನೂಲು. ಟ್ರ್ಯಾಕ್ಟರಿಗೆ ಕೆಂಪು ನೂಲಿನವೆಲ್ಲ ಏರಿದವು. ಬಿಳಿ ಹಣ್ಣು ಕಟ್ಟೆಯ ಮೇಲೆ ಒಡೆದ ದಿನವೇ ಅವಳಿಗೆ ಹೊಳೆದಿತ್ತು.

‘ಹೇಳಿದ್ರ ನನ್ನ ಮಾನ ಹೋಗತೈತಿ, ಹೇಳದಿದ್ರ ಅವರದ ಹೋಗತೈತಿ,’ ಎಂದಳು. ‘ನೀ ಡಾಲ ಗೆದ್ದಾಕಿ. ಇದಕ್ಕೇನ ಅಂತಿ?’

ಅವಳ ಜೊತೆ ಪಾಚಿ ಹಿಂಡಿದೆ.

ಮಾಲಕ ಟ್ರ್ಯಾಕ್ಟರ್ ತಂದೇ ಬಂದ. ಟ್ರೇಲರ್ ಖಾಲಿ ಇತ್ತು. ತುಂಬಿದ್ದಕ್ಕಿಂತ ಅದೇ ಹೆಚ್ಚು ಭಯ ಹುಟ್ಟಿಸಿತು. ನಾನು ನಿಂತುಕೊಂಡೇ ಹೇಳಿದೆ: ಧೋತರದ ಚೂರು ಕಟ್ಟಿದವುಗಳಲ್ಲಿ ಇವಿವು ಕೇಸರ, ಇವಿವು ಅಲ್ಲ, ಬಿಳಿಯಾದದ್ದೆಲ್ಲ ಬೇರೆ ತಳಿ ಎಂಬ ನಿಮ್ಮ ಮಾತೂ ತಪ್ಪು, ಎಲ್ಲವೂ ಕೇಸರವೇ ಎಂಬ ನಮ್ಮ ಮಾತೂ ತಪ್ಪು. ಉಳಿದ ಗಿಡಗಳ ಗತಿ ಏನೆಂದು ಕೇಳಿದ. ಒಂದೊಂದನ್ನೂ ನೋಡಬೇಕು ಎಂದೆ. ಎಷ್ಟು ವರ್ಷ ಎಂದ. ನಾನು ಕಂಬಕ್ಕೆ ಒರಗಿದೆ.

ದೊಡ್ಡಪ್ಪ ಎದ್ದ. ‘ಗುರುತ ಕಟ್ಟಿದಾವ ನಾನ. ತಪ್ಪ ನನ್ನದು, ತಮ್ಮಾ.’

‘ಅವರಲ್ಲ,’ ಎನ್ನುತ್ತ ದೊಡ್ಡವ್ವ ಬಾಗಿಲಿಗೆ ಬಂದಳು, ಕೈಯಲ್ಲಿ ಚಹಾದ ತಾಟು. ‘ನಾ ಕಟ್ಟೇನಿ. ಕೇಸರಕ್ಕ ಕೇಸರಿ ನೂಲ ಅಂತ ಕಟ್ಟೇನಿ.’

ಮಾಲಕ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ನಗು ತಡೆಯಲಾರದೆ ಕಟ್ಟೆಯ ಮೇಲೆ ಕುಸಿದು ಕೂತ. ‘ಕಾಕಾ, ಕಾಕಿ ಹೇಳೂದ ಖರೆ ಐತಲ್ರಿ,’ ಎಂದ. ಚಹಾ ಕುಡಿದ. ಚಳಿಗಾಲದ ಹಣ್ಣಿನವರೆಗೆ ತಡೆಯುತ್ತೇನೆ, ಆಗಲೂ ಕೆಂಪಾಗದವನ್ನಷ್ಟೇ ಕೀಳುತ್ತೇನೆ ಎಂದು ಹೇಳಿ ಖಾಲಿ ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದ. ನಮ್ಮ ಮಂದಿಯ ಕಥೆ ಮುಗಿಯುವುದು ಇಲ್ಲಿ. ಇಲ್ಲಿಂದ ಮುಂದೆ ಹೋಳಿಗೆ ಬರುತ್ತದೆ. ಅವತ್ತು ದೊಡ್ಡಪ್ಪ ನಗಲಿಲ್ಲ ಎಂಬುದನ್ನು ಯಾರೂ ಸೇರಿಸುವುದಿಲ್ಲ.

ಚಳಿಗಾಲ ಕಳೆದ ಮೇಲೆ ಟ್ರ್ಯಾಕ್ಟರ್ ಮತ್ತೆ ಬಂತು, ಈ ಸಲ ತುಂಬಿ. ಮಾಲಕ ಬಂದಿರಲಿಲ್ಲ, ಅವನ ತಮ್ಮಂದಿರು. ಬಾಗಿಲಿಗೆ ಸುರಿಯಲಿಲ್ಲ, ರಸ್ತೆಯ ಆಚೆ ಬದಿಗೆ ಸುರಿದು ಹೋದರು. ಅಷ್ಟು ಮರ್ಯಾದೆ ಉಳಿಸಿದರು ಎನ್ನಬೇಕೋ, ಬಸ್ಸಿನವರಿಗೆ ಇನ್ನೂ ಚೆನ್ನಾಗಿ ಕಾಣಲಿ ಎಂದೋ ತಿಳಿಯಲಿಲ್ಲ. ನಾನು ಲೋಕಾಪುರದಲ್ಲೇ ಇದ್ದೆ. ಸಂಜೆ ದೊಡ್ಡಪ್ಪನ ಜೊತೆ ಆ ರಾಶಿಯ ಹತ್ತಿರ ಹೋದೆ. ಎಲೆ ಉದುರಿ ಬೇರು ಒಣಗಿ ಎಲ್ಲವೂ ಮುಳ್ಳಿನ ಕಡ್ಡಿಗಳಾಗಿದ್ದವು. ಕೆಲವಕ್ಕೆ ನೂಲು ಇನ್ನೂ ಇತ್ತು, ಬಿಸಿಲಿಗೆ ಬಿಳಚಿ ಯಾವ ಬಣ್ಣದ್ದೆಂದು ಹೇಳುವ ಹಾಗಿರಲಿಲ್ಲ.

ದೊಡ್ಡಪ್ಪ ಕುಕ್ಕರಗಾಲಿನಲ್ಲಿ ಕೂತು ರಾಶಿಯೊಳಗಿಂದ ಒಂದು ಕಡ್ಡಿ ಎಳೆದ. ಹೆಬ್ಬೆರಳಿನಿಂದ ತೊಗಟೆ ಸವರಿ, ಮುಳ್ಳಿನ ಬುಡ ನೋಡಿ, ಯಾರೋ ಸತ್ತ ಸುದ್ದಿ ಕೇಳಿದವನಂತೆ ನಿಟ್ಟುಸಿರು ಬಿಟ್ಟ.

‘ಇದು ಕೇಸರ. ಇದನ್ಯಾಕ ಕಿತ್ತರೋ?’

ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಎಳೆದ, ನೋಡಿ ರಾಶಿಗೇ ಎಸೆದ. ಮತ್ತೊಂದು. ಅದನ್ನೂ ಎಸೆದ. ಒಂದಕ್ಕೂ ಅವನು ತಡವರಿಸಲಿಲ್ಲ. ನನಗೆ ಮೊದಲು ಹೆಮ್ಮೆಯಂಥದ್ದೇನೋ ಆಯಿತು. ಅದರ ಹಿಂದೆಯೇ, ಲ್ಯಾಬಿನಲ್ಲೂ ಹೊಳೆಯ ದಂಡೆಯಲ್ಲೂ ಆಗದಷ್ಟು ಭಯ ಎದ್ದಿತು. ಅವನ ಕೈ ಮತ್ತೆ ರಾಶಿಗೆ ಹೋಗುವ ಮೊದಲು ಕೇಳಿದೆ. ಕೇಳಿ ವರ್ಷಗಳಾದವು, ಅವನು ಮುಳ್ಳು ಚುಚ್ಚಿದ ಬೆರಳ ತುದಿಯನ್ನು ನೋಡುತ್ತ ಕೂತದ್ದು ಬಿಟ್ಟರೆ ಬೇರೆ ಉತ್ತರ ಸಿಕ್ಕಿಲ್ಲ.

‘ದೊಡ್ಡಪ್ಪಾ, ಒಣಗಿದ ಕಡ್ಡಿ ನೋಡಿ ಕೇಸರ ಅಂತ ಹೇಳಾಕತ್ತಿ. ಅವತ್ತ ಒಂದೊಂದ ಸಸಿ ನೀನ ಎತ್ತಿ ಟ್ರ್ಯಾಕ್ಟರಿಗೆ ಇಡೂ ಮುಂದ ಎಲ್ಲಾದಕ್ಕೂ ಹಸಿ ಎಲಿ ಇದ್ದುವು. ಆಗ ನೀ ನೂಲಷ್ಟ ನೋಡಿದೇನು?’